ಕೋತಿ ವೇಷದವನನ್ನು ಮೇಯರ್ ಮಾಡಿದ ಊರು

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಹಾರ್ಟ್ಲಿಪೂಲ್ ಅಂತ ಒಂದು ಬಂದರು ಊರಿದೆ. 2002ರಲ್ಲಿ ಅಲ್ಲಿಯ ಜನ ಮೊದಲ ಸಲ ನೇರವಾಗಿ ತಮ್ಮ ಮೇಯರನ್ನು ಆರಿಸಿದರು. ಗೆದ್ದದ್ದು ಯಾರು ಗೊತ್ತೇ? ಊರಿನ ಫುಟ್‌ಬಾಲ್ ಪಂದ್ಯಗಳಲ್ಲಿ ಕೋತಿ ವೇಷ ಹಾಕುತ್ತಿದ್ದ ಸ್ಟುವರ್ಟ್ ಡ್ರಮಂಡ್! ಶಾಲೆ ಮಕ್ಕಳಿಗೆ ಬಿಟ್ಟಿ ಬಾಳೆಹಣ್ಣು ಕೊಡುತ್ತೇನೆ ಅಂತ ಅವರು ಮಾತು ಕೊಟ್ಟಿದ್ದರು.

ಕೋತಿಗೆ ಒಂದು ಕಥೆ ಇದೆ. ನೆಪೋಲಿಯನ್ ಯುದ್ಧದ ಕಾಲದಲ್ಲಿ ಫ್ರೆಂಚ್ ಹಡಗೊಂದು ಒಡೆದು, ಸಮವಸ್ತ್ರ ತೊಟ್ಟ ಕೋತಿಯೊಂದು ದಡ ಸೇರಿತಂತೆ. ಮೀನುಗಾರರು ಅದನ್ನೇ ಫ್ರೆಂಚ್ ಗೂಢಚಾರ ಅಂದುಕೊಂಡು ನೇಣಿಗೆ ಹಾಕಿದರಂತೆ. ಇದೇ ಮಾತೆತ್ತಿ ಸುತ್ತಲಿನವರು ಈ ಊರನ್ನು ಆಡಿಕೊಳ್ಳುತ್ತಿದ್ದರು. ಊರಿನವರೋ, ಆ ಕೋತಿಯನ್ನೇ ತಮ್ಮದು ಮಾಡಿಕೊಂಡರು.

ಡ್ರಮಂಡ್ ಗೆದ್ದಾಗ ನಕ್ಕವರು ಬಹಳ. ಆದರೆ ಅವರು ಸುಮ್ನೆ ಕೂರಲಿಲ್ಲ, ವೇಷ ಕಳಚಿಟ್ಟು ಕೆಲಸಕ್ಕಿಳಿದರು. 2005ರಲ್ಲಿ, 2009ರಲ್ಲಿ ಮತ್ತೆ ಗೆದ್ದರು. ಬರೀ ತಮಾಷೆಗೆ ಯಾರೂ ಮೂರು ಸಲ ವೋಟು ಹಾಕೋದಿಲ್ಲ, ಅಲ್ವಾ? ಕೊನೆಗೆ 2012ರಲ್ಲಿ ಜನಮತ ನಡೆದು, ಆ ಮೇಯರ್ ಹುದ್ದೆಯೇ ಬೇಡ ಅಂತಾಯಿತು.

ಇಂಥ ವೋಟಿನ ಹಿಂದೆ ಸಿಟ್ಟೂ ಇತ್ತು. ಆ ಸಿಟ್ಟಿಗೆ ಕಾರಣ ಹುಡುಕಬೇಕಾದ್ದು ಕೆಲಸದಲ್ಲಿ. ಒಂದು ಕಾಲಕ್ಕೆ ಇಲ್ಲಿ ಹಡಗು ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಅದು ನಿಂತಿತು. 1977ರಲ್ಲಿ ಉಕ್ಕು ತಯಾರಿಕೆಯೂ ನಿಂತಿತು. ಕೈಕಸುಬು ಮಾತ್ರ ಸಾಯಲಿಲ್ಲ. 1817ರಲ್ಲಿ ಮುಂಬೈಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿದ 'ಟ್ರಿಂಕೋಮಲಿ' ಎಂಬ ಯುದ್ಧನೌಕೆ ಹಾಳಾಗಿ ಇಲ್ಲಿಗೆ ಬಂತು. ಇಲ್ಲಿಯ ಕುಶಲಕರ್ಮಿಗಳು ಹತ್ತು ವರ್ಷಕ್ಕೂ ಜಾಸ್ತಿ ಕಾಲ ದುಡಿದು ಅದನ್ನು ಮೊದಲಿನಂತೆ ಮಾಡಿದರು. ಇಂದಿಗೂ ಅದು ಅಲ್ಲಿಯ ಹಡಗುಕಟ್ಟೆಯಲ್ಲಿ ನಿಂತಿದೆ. ಇಂಥ ಕೈಗಳಿಗೆ ಕೆಲಸ ಇಲ್ಲ ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

2011ರಲ್ಲಿ ಊರಿನ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗ ಮುಚ್ಚಿತು. ರಾತ್ರಿ ಮಗುವಿಗೆ ಗಂಭೀರವಾಗಿ ಏನಾದರೂ ಆದರೆ ಪಕ್ಕದ ಸ್ಟಾಕ್‌ಟನ್‌ಗೆ ಓಡಬೇಕು. ಕಾರಿಲ್ಲದವರ ಪಾಡು ಹೇಳತೀರದು. ನನ್ನ ಪ್ರಕಾರ, ಲಂಡನ್ನಿನ ದೊಡ್ಡ ಮಾತುಗಳಿಗಿಂತ ಇಂಥ ಸಂಗತಿಗಳೇ ಇಲ್ಲಿ ವೋಟನ್ನು ತಿರುಗಿಸುತ್ತವೆ.

2016ರ ಜನಮತದಲ್ಲಿ ಇಲ್ಲಿ ವೋಟು ಹಾಕಿದವರಲ್ಲಿ ನೂರಕ್ಕೆ ಸುಮಾರು 70 ಮಂದಿ ಯುರೋಪಿಯನ್ ಒಕ್ಕೂಟ ಬಿಡೋಣ ಅಂದರು. 1974ರಿಂದ ಲೇಬರ್ ಪಕ್ಷದ ಕೈಯಲ್ಲಿದ್ದ ಲೋಕಸಭಾ ಕ್ಷೇತ್ರ, 2021ರ ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದ ಜಿಲ್ ಮಾರ್ಟಿಮರ್ ಪಾಲಾಯಿತು. ಅಂತರ 6,940 ವೋಟು. 2024ರಲ್ಲಿ ಅದೇ ಜನ ಕ್ಷೇತ್ರವನ್ನು ಮತ್ತೆ ಲೇಬರ್‌ಗೆ ಕೊಟ್ಟರು. ಚಂಚಲ ಜನ ಅಂತ ಕೆಲವರು ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಕೆಲಸ ಕೊಡಿ, ಆಸ್ಪತ್ರೆ ಹತ್ತಿರ ಇರಲಿ: ಅವರು ಪ್ರತಿ ಸಲವೂ ಕೇಳುತ್ತಿರುವುದು ಇದನ್ನೇ.

ನಮಸ್ಕಾರ.