ಪಾಸ್‌ಪೋರ್ಟಿನಲ್ಲಿ ಒಂದೇ ಅಕ್ಷರ ತಪ್ಪು: ಇಡೀ ಪುಸ್ತಕ ಯಾಕೆ ಬದಲಾಗಬೇಕು?

ನಮಸ್ಕಾರ.

ಪಾಸ್‌ಪೋರ್ಟಿನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಾಗಿದೆ. ಅಥವಾ ಹುಟ್ಟಿದ ತಾರೀಖು ಒಂದು ದಿನ ಆಚೀಚೆ ಆಗಿದೆ. ಏನು ಮಾಡಬೇಕು ಅಂತ ಕೇಳಿದರೆ, ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಅನ್ನುತ್ತಾರೆ. ಅಯ್ಯೋ, ಒಂದು ಅಕ್ಷರ ತಾನೇ, ಅಲ್ಲೇ ತಿದ್ದಿ ಸೀಲು ಒತ್ತಿ ಕೊಟ್ಟರೆ ಆಗಲ್ವಾ ಅನಿಸುವುದು ಸಹಜ.

ಆಗುವುದಿಲ್ಲ. ಕೈಯಲ್ಲಿ ಬರೆದು ಕೊಡುತ್ತಿದ್ದ ಕಾಲದಲ್ಲಿ ಹಾಗೆ ತಿದ್ದಿಕೊಟ್ಟದ್ದೂ ಉಂಟು. ಈಗಿನ ಪುಸ್ತಕ ಬೇರೆ ಥರದ್ದು. ಹೆಸರು ಬದಲಾಗಲಿ, ತಪ್ಪು ಸರಿಪಡಿಸುವುದಿರಲಿ, ಪುಟ ಮುಗಿಯಲಿ, ಅವಧಿ ತೀರಲಿ, ಪುಸ್ತಕವೇ ಕಳೆದುಹೋಗಲಿ, ಬಹುಪಾಲು ದೇಶಗಳಲ್ಲಿ ದಾರಿ ಒಂದೇ. ಹೊಸ ಪುಸ್ತಕ, ಸಾಮಾನ್ಯವಾಗಿ ಹೊಸ ನಂಬರ್. ಯಾಕೆ ಹೀಗೆ ಅಂತ ಗೊತ್ತಾದರೆ, ಅರ್ಜಿ ಹಾಕುವ ಮೊದಲು ಏನು ಮಾಡಬೇಕು, ಹೊಸದು ಬಂದ ಮೇಲೆ ಏನು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ.

[ಸ್ಕ್ರೀನ್ ಮೇಲೆ: ಪಾಸ್‌ಪೋರ್ಟಿನ ಫೋಟೋ ಇರುವ ಪುಟ. ಕೆಳಗಿನ ಎರಡು ಸಾಲು ದೊಡ್ಡದಾಗಿ ಕಾಣಬೇಕು.]

ನಿಮ್ಮ ಪಾಸ್‌ಪೋರ್ಟ್ ಹತ್ತಿರದಲ್ಲೇ ಇದ್ದರೆ ತೆಗೆದುಕೊಳ್ಳಿ. ಫೋಟೋ ಇರುವ ಪುಟದ ಕೆಳಗೆ ಎರಡು ಸಾಲು ಇವೆ ನೋಡಿ. ಅಕ್ಷರ, ಅಂಕಿ, ನಡುನಡುವೆ ಬಾಣದ ತುದಿಯಂಥ ಗುರುತು. ಇದು ಮಷೀನು ಓದುವ ಭಾಗ. ಒಂದೊಂದು ಸಾಲಿನಲ್ಲೂ ಸರಿಯಾಗಿ 44 ಸ್ಥಾನ. ಯಾವ ದೇಶದ ಪಾಸ್‌ಪೋರ್ಟ್ ತೆರೆದರೂ ಇದು ಒಂದೇ ರೀತಿ. ಐಸಿಎಒ, ಅಂದರೆ ವಿಶ್ವಸಂಸ್ಥೆಯ ಕೆಳಗಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, 1980ರಲ್ಲಿ ಇದರ ನಿಯಮ ಪ್ರಕಟಿಸಿತು. ಆ ದಾಖಲೆಯ ಹೆಸರು ಡಾಕ್ 9303. ಮಷೀನು ಓದಲಾಗದ ಪಾಸ್‌ಪೋರ್ಟುಗಳು ಚಲಾವಣೆಯಿಂದ ಹೋಗಬೇಕು ಅಂತ ಇಟ್ಟಿದ್ದ ಗಡುವು 2015ರ ನವೆಂಬರ್ 24.

ಎರಡನೇ ಸಾಲಿನಲ್ಲಿ ಒಂದು ಚಂದದ ಲೆಕ್ಕ ಅಡಗಿದೆ. ಈ ಇಡೀ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ್ದು ಅದೇ. ಡಾಕ್ 9303ರಲ್ಲಿ ಮಾದರಿಗೆಂದು ಒಂದು ಪಾಸ್‌ಪೋರ್ಟ್ ಕೊಟ್ಟಿದ್ದಾರೆ. ದೇಶದ ಹೆಸರು ಯುಟೋಪಿಯಾ, ಅಂದರೆ ಇಲ್ಲದ ದೇಶ. ಆ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನ 1974ರ ಆಗಸ್ಟ್ 12. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಹಾಗಾಗಿ ಸಾಲಿನಲ್ಲಿ 740812 ಅಂತ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಅಂಕಿ ಇದೆ: 2. ಅದು ಎಲ್ಲಿಂದ ಬಂತು?

[ಸ್ಕ್ರೀನ್ ಮೇಲೆ: 7, 4, 0, 8, 1, 2. ಕೆಳಗೆ 7, 3, 1, 7, 3, 1.]

ಪ್ರತಿ ಅಂಕಿಯನ್ನೂ ಸಾಲಾಗಿ 7, 3, 1, ಮತ್ತೆ 7, 3, 1ರಿಂದ ಗುಣಿಸಿ. 7 ಏಳಲೇ 49. 4 ಮೂರಲೇ 12. 0 ಒಂದಲೇ 0. 8 ಏಳಲೇ 56. 1 ಮೂರಲೇ 3. 2 ಒಂದಲೇ 2. ಕೂಡಿಸಿದರೆ 122. ಕೊನೆಯ ಅಂಕಿ 2. ಅದೇ ಅಲ್ಲಿ ಅಚ್ಚಾಗಿರುವ 2. ಇದಕ್ಕೆ ತಾಳೆ ಅಂಕಿ ಅನ್ನೋಣ.

ಈಗ 12ರ ಬದಲು 13 ಅಂತ ತಿದ್ದಿದೆವು ಅಂತಿಟ್ಟುಕೊಳ್ಳಿ. ಮೊತ್ತ 123, ತಾಳೆ ಅಂಕಿ 3 ಆಗಬೇಕು. ಪುಟದಲ್ಲಿರುವುದು 2. ಸ್ಕ್ಯಾನರ್ ಅಲ್ಲೇ ಮುಖ ತಿರುಗಿಸುತ್ತದೆ. ಪಾಸ್‌ಪೋರ್ಟ್ ನಂಬರಿಗೂ ಅವಧಿ ಮುಗಿಯುವ ದಿನಕ್ಕೂ ಇಂಥದ್ದೇ ಒಂದೊಂದು ತಾಳೆ ಅಂಕಿ ಇದೆ. ಇವೆಲ್ಲವನ್ನೂ ಒಟ್ಟುಗೂಡಿಸಿ ಸಾಲಿನ ಕಟ್ಟಕಡೆಯಲ್ಲಿ ಮತ್ತೊಂದು. ಸರಿ, ತಾಳೆ ಅಂಕಿಯನ್ನೂ ತಿದ್ದಿದರೆ?

ಆಗ ಚಿಪ್ ಅಡ್ಡ ಬರುತ್ತದೆ.

[ಸ್ಕ್ರೀನ್ ಮೇಲೆ: ರಕ್ಷಾಪುಟದ ಮೇಲಿನ ಸಣ್ಣ ಗುರುತು, ಆಯತದ ನಡುವೆ ವೃತ್ತ.]

ರಕ್ಷಾಪುಟದ ಮೇಲೆ ಈ ಗುರುತಿದ್ದರೆ ಒಳಗೆ ಚಿಪ್ ಇದೆ ಅಂತ ಅರ್ಥ. ನಿಮ್ಮ ಹೆಸರು, ತಾರೀಖು, ಫೋಟೋ ಎಲ್ಲವೂ ಅದರಲ್ಲಿ ಇನ್ನೊಂದು ಸಲ ಇವೆ. ಪಾಸ್‌ಪೋರ್ಟ್ ಕೊಟ್ಟ ದೇಶ ಆ ಮಾಹಿತಿಗೆ ಡಿಜಿಟಲ್ ಸಹಿ ಹಾಕಿರುತ್ತದೆ. ಒಂದು ಅಕ್ಷರ ಬದಲಾದರೂ ಸಹಿ ಹೊಂದುವುದಿಲ್ಲ. ಇನ್ನೂ ಒಂದು ಮಜಾ ಇದೆ. ಚಿಪ್ ಸುಮ್ನೆ ತೆರೆದುಕೊಳ್ಳುವುದಿಲ್ಲ. ಅದನ್ನು ತೆರೆಯುವ ಕೀಲಿ ಸಾಮಾನ್ಯವಾಗಿ ಆ ಎರಡನೇ ಸಾಲಿನಿಂದಲೇ ತಯಾರಾಗುತ್ತದೆ: ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ಅವಧಿ ಮುಗಿಯುವ ದಿನ. ಪುಟದ ಮೇಲೆ ಇವುಗಳಲ್ಲಿ ಒಂದನ್ನು ತಿದ್ದಿದರೂ ಕೀಲಿ ಬದಲಾಯಿತು, ಚಿಪ್ ತೆರೆಯುವುದೇ ಇಲ್ಲ.

ಅಂದರೆ ನಿಮ್ಮ ವಿವರ ಮೂರು ಕಡೆ ಇದೆ. ಕಣ್ಣಿಗೆ ಕಾಣುವ ಪುಟ, ಮಷೀನು ಓದುವ ಸಾಲು, ಚಿಪ್. ಮೂರೂ ಒಂದೇ ಮಾತು ಹೇಳಬೇಕು. ಪೆನ್ನು ಹಿಡಿದು ತಿದ್ದುವ ಜಾಗವೇ ಇಲ್ಲ.

ಇಷ್ಟು ಗೊತ್ತಾದ ಮೇಲೆ ಮೊದಲ ಕೆಲಸ: ನಿಮ್ಮದು ನಿಜವಾಗಲೂ ತಪ್ಪೇ ಅಂತ ನೋಡಿ. ಎಷ್ಟೋ ಜನ ತಪ್ಪಲ್ಲದ್ದನ್ನು ತಪ್ಪು ಅಂದುಕೊಂಡು ಗಾಬರಿಯಾಗುತ್ತಾರೆ. ಮೇಲಿನ ಹೆಸರಿಗೂ ಕೆಳಗಿನ ಸಾಲಿನ ಹೆಸರಿಗೂ ವ್ಯತ್ಯಾಸ ಇರಬಹುದು. ಕೆಳಗಿನ ಸಾಲಿನಲ್ಲಿ ಇಂಗ್ಲಿಷಿನ 26 ದೊಡ್ಡಕ್ಷರ, ಅಂಕಿ ಮತ್ತು ಆ ಬಾಣದ ಗುರುತು ಬಿಟ್ಟು ಬೇರೇನೂ ಬರುವಂತಿಲ್ಲ. ಜರ್ಮನ್ ಹೆಸರಿನಲ್ಲಿ ಯು ಮೇಲೆ ಎರಡು ಚುಕ್ಕೆ ಇದ್ದರೆ, ಕೆಳಗೆ ಯು ಮತ್ತು ಇ ಅಂತ ಎರಡು ಅಕ್ಷರ ಬರುತ್ತವೆ. ಹೆಸರಿನ ನಡುವಿನ ಅಡ್ಡಗೆರೆ ಹೋಗಿ ಬಾಣದ ಗುರುತು ಬರುತ್ತದೆ. ಅಪಾಸ್ಟ್ರಫಿ ಇದ್ದರೆ ಮಾಯವಾಗುತ್ತದೆ. ಹೆಸರಿಗೆ ಇರುವುದು 39 ಸ್ಥಾನ ಮಾತ್ರ. ಉದ್ದದ ಹೆಸರಾದರೆ ಬಾಲ ಕತ್ತರಿಸಿರುತ್ತಾರೆ. ಇವು ಯಾವುದೂ ತಪ್ಪಲ್ಲ, ಇವುಗಳಿಗಾಗಿ ಅರ್ಜಿ ಹಾಕಬೇಡಿ.

ನಿಜವಾದ ತಪ್ಪಾದರೆ, ಅದು ಯಾರದ್ದು ಅನ್ನುವುದು ಮುಖ್ಯ. ನೀವು ಅರ್ಜಿಯಲ್ಲಿ ಸರಿಯಾಗಿ ಬರೆದಿದ್ದೀರಿ, ಕಚೇರಿಯಲ್ಲಿ ಟೈಪ್ ಮಾಡುವಾಗ ತಪ್ಪಿದೆ ಅಂದರೆ, ಹಲವು ದೇಶಗಳಲ್ಲಿ ಶುಲ್ಕವಿಲ್ಲದೆ ಬದಲಿಸಿ ಕೊಡುತ್ತಾರೆ. ಆದರೆ ಬೇಗ ಹೇಳಬೇಕು. ನಾನು ಬರೆದದ್ದು ಇದೇ ಅಂತ ತೋರಿಸಲು ಅರ್ಜಿಯ ಪ್ರತಿಯೂ ಇರಬೇಕು. ಅದಕ್ಕೇ, ಅರ್ಜಿ ಸಲ್ಲಿಸುವ ಮೊದಲು ಒಂದು ಪಿಡಿಎಫ್ ಇಟ್ಟುಕೊಳ್ಳಿ.

ತಪ್ಪು ಮೂಲ ದಾಖಲೆಯಲ್ಲೇ ಇದ್ದರೆ ಕಥೆ ಬೇರೆ. ಪಾಸ್‌ಪೋರ್ಟ್ ಕಚೇರಿ ನಿಮ್ಮ ಹೆಸರನ್ನು ತೀರ್ಮಾನಿಸುವುದಿಲ್ಲ, ಬೇರೆ ದಾಖಲೆಯಲ್ಲಿ ಇರುವುದನ್ನು ಎತ್ತಿ ಬರೆಯುತ್ತದೆ ಅಷ್ಟೇ. ಜನನ ಪ್ರಮಾಣಪತ್ರದಲ್ಲಿ ಒಂದು ಸ್ಪೆಲಿಂಗ್, ಗುರುತಿನ ಚೀಟಿಯಲ್ಲಿ ಇನ್ನೊಂದು ಸ್ಪೆಲಿಂಗ್ ಇಟ್ಟುಕೊಂಡು ಹೋದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೊದಲು ಜನನ ಪ್ರಮಾಣಪತ್ರ ಸರಿಪಡಿಸಿ, ಆಮೇಲೆ ಗುರುತಿನ ಚೀಟಿ, ಕೊನೆಗೆ ಪಾಸ್‌ಪೋರ್ಟ್. ಈ ಕ್ರಮ ತಪ್ಪಿದರೆ ಓಡಾಟ ಎರಡರಷ್ಟು.

ಹೆಸರು ಬದಲಾದವರಿಗೆ ಇನ್ನೂ ಒಂದು ಕಷ್ಟ ಇದೆ. ಹುಟ್ಟು ಹೆಸರಿನಿಂದ ಇವತ್ತಿನ ಹೆಸರಿನವರೆಗೆ ಒಂದು ಕೊಂಡಿಯೂ ಕಳಚಬಾರದು. ಮದುವೆಯಾಗಿ ಹೆಸರು ಬದಲಾಯಿತು, ವಿಚ್ಛೇದನ ಆಯಿತು, ಮತ್ತೆ ಮದುವೆಯಾಗಿ ಇನ್ನೊಂದು ಹೆಸರು ಬಂತು ಅನ್ನಿ. ಎರಡನೇ ಮದುವೆಯ ಪ್ರಮಾಣಪತ್ರ ಒಂದನ್ನೇ ಹಿಡಿದು ಹೋದರೆ, ನಡುವಿನ ಹೆಸರು ಯಾರದ್ದು ಅಂತ ಕೇಳುತ್ತಾರೆ. ಮೊದಲ ಮದುವೆಯ ಕಾಗದ, ವಿಚ್ಛೇದನದ ಆದೇಶ, ಎಲ್ಲವೂ ಬೇಕಾಗಬಹುದು. ಇದು ಹೆಚ್ಚಾಗಿ ಹೆಂಗಸರ ಮೇಲೇ ಬೀಳುವ ಹೊರೆ. ನ್ಯಾಯವಾ ಅಂದರೆ ಅಲ್ಲ, ಆದರೆ ನಿಯಮ ಸದ್ಯಕ್ಕೆ ಹೀಗಿದೆ.

ಹುಟ್ಟಿದ ತಾರೀಖು ಬದಲಿಸುವುದು ಎಲ್ಲಕ್ಕಿಂತ ಕಷ್ಟ. ಹೆಸರು ಬದಲಾಗುವುದು ಲೋಕದಲ್ಲಿ ಇದ್ದದ್ದೇ, ಹುಟ್ಟಿದ ದಿನ ಬದಲಾಗುವುದಿಲ್ಲ ಅಲ್ವಾ. ಹಾಗಾಗಿ ಅಧಿಕಾರಿಗಳು ಅನುಮಾನದಿಂದಲೇ ನೋಡುತ್ತಾರೆ. ಗಟ್ಟಿ ದಾಖಲೆ ಇಲ್ಲದೆ ಹೋಗಬೇಡಿ.

ಇನ್ನು ನವೀಕರಣ. ಅವಧಿ ಮುಗಿಯುವ ದಿನದವರೆಗೂ ಪಾಸ್‌ಪೋರ್ಟ್ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ. ಅನೇಕ ದೇಶಗಳು ಇನ್ನೂ 6 ತಿಂಗಳು ಬಾಕಿ ಇರಬೇಕು ಅನ್ನುತ್ತವೆ. ಯುರೋಪಿನ ಷೆಂಗೆನ್ ದೇಶಗಳಿಗೆ, ಅಂದರೆ ತಮ್ಮತಮ್ಮ ನಡುವೆ ಗಡಿ ತಪಾಸಣೆ ತೆಗೆದುಹಾಕಿದ ದೇಶಗಳಿಗೆ, ಹೊರಗಿನವರು ಹೋಗುವುದಾದರೆ, ಅಲ್ಲಿಂದ ಹೊರಡುವ ದಿನದ ನಂತರ ಕನಿಷ್ಠ 3 ತಿಂಗಳು ಬಾಕಿ ಇರಬೇಕು. ಪುಸ್ತಕ ಕೊಟ್ಟು 10 ವರ್ಷವೂ ದಾಟಿರಬಾರದು. ಇದನ್ನು ನೋಡುವುದು ಅಲ್ಲಿ ಇಳಿದ ಮೇಲೆ ಅಲ್ಲ, ಇಲ್ಲಿ ವಿಮಾನ ಹತ್ತುವ ಮೊದಲೇ. ಕೌಂಟರಿನಲ್ಲೇ ತಡೆದುಬಿಡುತ್ತಾರೆ. ಅಂಥವರನ್ನು ಹತ್ತಿಸಿಕೊಂಡು ಹೋದರೆ ವಿಮಾನ ಕಂಪನಿಗೇ ದಂಡ ಬೀಳಬಹುದು, ವಾಪಸ್ ಕರೆತರುವ ಹೊಣೆಯೂ ಅವರದ್ದೇ. ಅದಕ್ಕೇ ಅವರು ಕರಗುವುದಿಲ್ಲ.

ಅರ್ಜಿ ಹಾಕುವಾಗ ಹಳೆಯ ಪುಸ್ತಕವನ್ನು ಒಪ್ಪಿಸಬೇಕಾಗಬಹುದು. ಹೊಸದು ಬರುವವರೆಗೆ ಎಲ್ಲಿಗೂ ಹೋಗಲಾಗುವುದಿಲ್ಲ. ಟಿಕೆಟ್ ಮಾಡಿಸಿ ಆಮೇಲೆ ಅರ್ಜಿ ಹಾಕುವುದು ಸುಮ್ನೆ ತಲೆನೋವು.

ಕಳೆದುಹೋದರೆ? ಮೊದಲು ಮನೆಯೆಲ್ಲ ಹುಡುಕಿ. ತಮಾಷೆಗೆ ಹೇಳುತ್ತಿಲ್ಲ. ಕಳೆದಿದೆ ಅಂತ ದೂರು ಕೊಟ್ಟ ಕೂಡಲೇ ಆ ಪುಸ್ತಕ ರದ್ದಾಗುತ್ತದೆ. ಇಂಟರ್‌ಪೋಲ್ 2002ರಲ್ಲಿ ಕಳುವಾದ ಮತ್ತು ಕಳೆದುಹೋದ ಪ್ರಯಾಣ ದಾಖಲೆಗಳ ಪಟ್ಟಿ ಶುರುಮಾಡಿತು. ನಿಮ್ಮ ದೇಶ ಆ ನಂಬರನ್ನು ಅದಕ್ಕೆ ಸೇರಿಸಿದರೆ ಬೇರೆ ದೇಶದ ಗಡಿಯಲ್ಲೂ ಅದು ಸಿಕ್ಕಿಬೀಳುತ್ತದೆ. ವಾರ ಬಿಟ್ಟು ಹಳೆಯ ಬ್ಯಾಗಿನ ಒಳಜೇಬಿನಲ್ಲಿ ಸಿಕ್ಕಿತು ಅಂತ ಅದನ್ನೇ ಹಿಡಿದು ಏರ್‌ಪೋರ್ಟಿಗೆ ಹೋದರೆ, ನಿಮ್ಮ ಸ್ವಂತ ಪಾಸ್‌ಪೋರ್ಟಿಗೇ ನಿಮ್ಮನ್ನು ಪಕ್ಕಕ್ಕೆ ಕರೆದು ಕೂರಿಸುತ್ತಾರೆ. ಹಾಗಂತ ನಿಜವಾಗಿ ಕಳೆದಾಗ ತಡಮಾಡಬೇಡಿ. ಬೇರೆಯವರ ಕೈಗೆ ಸಿಕ್ಕಿದರೆ ಇನ್ನೂ ಕೆಟ್ಟದ್ದು.

ಪರದೇಶದಲ್ಲಿ ಕಳೆದರೆ ಅಲ್ಲಿನ ಪೊಲೀಸರಿಗೆ ದೂರು ಕೊಟ್ಟು, ನಿಮ್ಮ ದೇಶದ ರಾಯಭಾರ ಕಚೇರಿಗೆ ಹೋಗಿ. ಅವಸರ ಇದ್ದರೆ ತುರ್ತು ಪ್ರಯಾಣ ಪತ್ರ ಕೊಡುತ್ತಾರೆ. ಹೆಚ್ಚಾಗಿ ಅದು ಊರಿಗೆ ಮರಳಲು ಮಾತ್ರ. ಪಾಸ್‌ಪೋರ್ಟಿನ ಫೋಟೋ ಪುಟದ ಒಂದು ಪ್ರತಿ ಇದ್ದರೆ ಅಲ್ಲಿ ಅರ್ಧ ಕೆಲಸ ಆದಂತೆ. ಪುಸ್ತಕ ಇಟ್ಟ ಬ್ಯಾಗಿನಲ್ಲೇ ಪ್ರತಿಯನ್ನೂ ಇಟ್ಟರೆ ಏನು ಪ್ರಯೋಜನ, ಹೇಳಿ.

ನೀರಿಗೆ ಬಿದ್ದದ್ದು, ಫೋಟೋ ಪುಟ ಬಿಟ್ಟುಕೊಂಡದ್ದು, ಮಗು ಗೀಚಿದ್ದು, ಇವು ಕೂಡ ಬದಲಿಸಬೇಕಾದವೇ. ಅಂಟು ಹಚ್ಚಿ, ಲ್ಯಾಮಿನೇಟ್ ಮಾಡಿ ಸರಿಮಾಡಲು ಹೋಗಬೇಡಿ. ಹಾಳಾದ ಪುಸ್ತಕ ತಿರುಚಿದ ಪುಸ್ತಕದ ಹಾಗೆ ಕಾಣಿಸುತ್ತದೆ.

[ಸ್ಕ್ರೀನ್ ಮೇಲೆ: ಮೂಲೆ ಕತ್ತರಿಸಿದ ಹಳೆಯ ಪಾಸ್‌ಪೋರ್ಟ್, ಪಕ್ಕದಲ್ಲಿ ಹೊಸದು.]

ಸರಿ, ಹೊಸ ಪುಸ್ತಕ ಬಂತು. ಕವರ್ ಬಿಚ್ಚಿದ ಕೂಡಲೇ ಹೆಸರು, ತಾರೀಖು, ಹುಟ್ಟಿದ ಊರು ಓದಿ. ಅಕ್ಷರ ಬಿಡಿಸಿ ಓದಿ, ನಮ್ಮ ಹೆಸರನ್ನು ನಾವೇ ಓದುವಾಗ ಕಣ್ಣು ತಪ್ಪು ದಾಟಿಕೊಂಡು ಹೋಗುತ್ತದೆ. ಕೆಳಗಿನ ಎರಡು ಸಾಲನ್ನೂ ಈಗ ನೀವು ಓದಬಲ್ಲಿರಿ.

ಹಳೆಯ ಪುಸ್ತಕದಲ್ಲಿ ಚಾಲ್ತಿಯಲ್ಲಿರುವ ವೀಸಾ ಇದ್ದರೆ ಅದನ್ನು ವಾಪಸ್ ಕೇಳಿ ಪಡೆಯಿರಿ. ಅಮೆರಿಕದ ವೀಸಾ, ಉದಾಹರಣೆಗೆ, ರದ್ದಾದ ಪಾಸ್‌ಪೋರ್ಟಿನಲ್ಲಿ ಇದ್ದರೂ ನಡೆಯುತ್ತದೆ. ಎರಡೂ ಪುಸ್ತಕ ಒಟ್ಟಿಗೆ ಒಯ್ಯಬೇಕು, ವೀಸಾ ಇರುವ ಪುಟ ಹಾಳಾಗಿರಬಾರದು. ಆದರೆ ಆನ್‌ಲೈನಿನಲ್ಲಿ ಪಡೆದ ಅನುಮತಿಗಳು ನಂಬರಿಗೇ ಕಟ್ಟಿಕೊಂಡಿರುತ್ತವೆ. ಅಮೆರಿಕದ ಎಸ್ಟಾ, ಕೆನಡಾದ ಇಟಿಎ, ಇವನ್ನು ಹೊಸ ಪಾಸ್‌ಪೋರ್ಟಿಗೆ ಮತ್ತೆ ಮಾಡಿಸಬೇಕು. ಹಳೆಯದರಲ್ಲಿ ಇನ್ನೂ ಒಂದು ವರ್ಷ ಬಾಕಿ ಇತ್ತು ಅಂದರೂ ಲೆಕ್ಕಕ್ಕಿಲ್ಲ.

ಮೊದಲೇ ಮಾಡಿಸಿದ ಟಿಕೆಟ್ ಇದ್ದರೆ ವಿಮಾನ ಕಂಪನಿಗೆ ಹೊಸ ನಂಬರ್ ಕೊಡಿ. ಹೆಸರೂ ಬದಲಾಗಿದ್ದರೆ ಟಿಕೆಟಿನಲ್ಲೂ ಬದಲಿಸಬೇಕು, ಇದಕ್ಕೆ ಫೋನೇ ಮಾಡಬೇಕಾದೀತು. ಬ್ಯಾಂಕ್, ಉದ್ಯೋಗ, ಪರದೇಶದ ವಾಸದ ಪರವಾನಗಿ, ಎಲ್ಲೆಲ್ಲಿ ಹಳೆಯ ನಂಬರ್ ಕೊಟ್ಟಿದ್ದೀರೋ ಅಲ್ಲೆಲ್ಲ ತಿಳಿಸಿ.

ನಿಮ್ಮ ಫೋನು, ಬ್ರೌಸರು ಕೂಡ ಆ ಪಟ್ಟಿಯಲ್ಲಿವೆ. ಅವು ಹಳೆಯ ನಂಬರನ್ನು ನೆನಪಿಟ್ಟುಕೊಂಡು, ಮುಂದಿನ ಸಲ ವೀಸಾ ಅರ್ಜಿಯಲ್ಲಿ ತಾವಾಗಿಯೇ ತುಂಬಿಬಿಡುತ್ತವೆ. ಆಟೋಫಿಲ್‌ಗೆ ಹೋಗಿ ಅದನ್ನು ಇವತ್ತೇ ಅಳಿಸಿ.