ಸಂತಮಸದ ಮುಗಿಯದ ಮಧ್ಯಾಹ್ನ

ಕೇಳುಗರಿಗೆ ನಮಸ್ಕಾರ.

ವೈಶಾಖದ ಸೆಕೆಗೆ ಕಲಬುರಗಿಯ ನಾವು ಮಾಳಿಗೆಯ ಮೇಲೆ ಹಾಸಿಗೆ ಬಿಡಿಸುವ ಹೊತ್ತಿಗೆ ಮಖಾ ನಕ್ಷತ್ರವು ನೆತ್ತಿಯಿಂದ ತುಸು ಪಡುವಣಕ್ಕೆ ವಾಲಿರುತ್ತದೆ. ಅದರ ದಕ್ಷಿಣಕ್ಕೆ, ಬರಿಗಣ್ಣಿಗೆ ಕಾಣದ, 300 ಜ್ಯೋತಿರ್ವರ್ಷಗಳಿಗೂ ಆಚೆಗಿರುವ ನಕ್ಷತ್ರವೊಂದಕ್ಕೆ 2019ರಲ್ಲಿ ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿನಲ್ಲಿ ‘ಬಿಭಾ’ ಎಂದೂ, ಅದನ್ನು ಸುತ್ತುವ ದೈತ್ಯ ಗ್ರಹಕ್ಕೆ ‘ಸಂತಮಸ’ ಎಂದೂ ಹೆಸರಿಡಲಾಯಿತು. ಸಂತಮಸವೆಂದರೆ ಗಾಢವಾದ ಕತ್ತಲೆ. ಹೆಸರು ಸೊಗಸಾಗಿದೆ, ಆ ಲೋಕಕ್ಕೆ ಒಪ್ಪುತ್ತದೆಯೇ ಎಂಬುದೇ ನನ್ನ ತಕರಾರು.

2006ರಲ್ಲಿ, ಗ್ರಹದ ಸೆಳೆತಕ್ಕೆ ನಕ್ಷತ್ರ ಓಲಾಡುವುದನ್ನು ಅದರ ಬೆಳಕಿನಲ್ಲಿ ಅಳೆದು ಈ ಗ್ರಹವನ್ನು ಪತ್ತೆಹಚ್ಚಿದರು. ಇದರ ದ್ರವ್ಯರಾಶಿ ಗುರುಗ್ರಹದ ಸುಮಾರು ಒಂದೂವರೆ ಪಟ್ಟು. ವರ್ಷವೋ ಎರಡು ದಿನಕ್ಕಿಂತ ತುಸು ಹೆಚ್ಚು. ಅಂದರೆ ನಮ್ಮ ಒಂದು ವಾರದಲ್ಲಿ ಅಲ್ಲಿ ಮೂರು ಯುಗಾದಿ. ಬೇವು-ಬೆಲ್ಲ ಕಲಸುವುದಕ್ಕೂ ಪುರುಸೊತ್ತಿಲ್ಲ.

ಇಷ್ಟು ಹತ್ತಿರ ಸುತ್ತುವ ಗ್ರಹವು, ಚಂದ್ರ ನಮಗೆ ತೋರುವಂತೆ, ತನ್ನ ನಕ್ಷತ್ರಕ್ಕೆ ಒಂದೇ ಮುಖವನ್ನು ತೋರುತ್ತಿರಬೇಕು. ಆ ಮುಖದ ಮೇಲೆ ಮಧ್ಯಾಹ್ನ ಇಳಿಯುವುದೇ ಇಲ್ಲ. ನಮ್ಮ ಸೂರ್ಯನಿಗಿಂತ ಮೂವತ್ತು ಪಟ್ಟಿಗೂ ಹೆಚ್ಚು ಅಗಲವಾಗಿ ಕಾಣುವ ಬಿಭಾ ಅಲ್ಲಿ ನೆತ್ತಿಯ ಮೇಲೆಯೇ ನಿಂತಿರುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ ತಾನೆ? ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದು ಸುಟ್ಟ ಸುಣ್ಣವಾಗಿ, ನೀರು ಬಿದ್ದರೆ ಬುಸುಗುಟ್ಟಿ ಅರಳಿಕೊಳ್ಳುತ್ತದೆ. ಸಂತಮಸದ ಹಗಲಿನ ಬಿಸಿ, ಲೆಕ್ಕ ಹಾಕಿದರೆ, ವಾಡಿ-ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಗೂಡಿನೊಳಗಿನ 1,450 ಡಿಗ್ರಿಗೆ ಸಮವೋ, ಹೆಚ್ಚೋ ಆಗುತ್ತದೆ. ಹಾಗೆಂದು ಅಲ್ಲಿ ಕಲ್ಲು ಹಾಸಲು ನೆಲವೇನೂ ಇಲ್ಲ. ಕಾಲಿಟ್ಟವನು ಜಲಜನಕ, ಹೀಲಿಯಂಗಳ ಮಡುವಿನಲ್ಲಿ ಇಳಿಯುತ್ತಲೇ ಹೋಗಬೇಕು. ಇಳಿದಷ್ಟೂ ಒತ್ತಡ ಹೆಚ್ಚುತ್ತದೆ.

ಇನ್ನು ಆಚೆಯ ಮುಖ. ಇಂಥದೇ ಇತರ ಗ್ರಹಗಳನ್ನು, ಕಣ್ಣಿಗೆ ಕಾಣದ ಬಿಸಿಯ ಕಿರಣಗಳನ್ನು ಹಿಡಿಯುವ ಅವಗೆಂಪು ದೂರದರ್ಶಕಗಳಿಂದ ನೋಡಿದವರು, ಸೆಕೆಂಡಿಗೆ ಕಿಲೋಮೀಟರುಗಟ್ಟಲೆ ಓಡುವ ಗಾಳಿ ಹಗಲಿನ ಬಿಸಿಯನ್ನು ಇರುಳಿನ ಕಡೆಗೆ ಹೊತ್ತೊಯ್ಯುವುದನ್ನೂ, ಅಲ್ಲಿನ ಇರುಳು ಕೂಡ ಸುಮಾರು 800 ಡಿಗ್ರಿಯಷ್ಟು ಕಾದಿರುವುದನ್ನೂ ಕಂಡಿದ್ದಾರೆ. ಹಗಲಿನಲ್ಲಿ ಆವಿಯಾದ ಮರಳಿನ ಅಂಶ ಅಲ್ಲಿ ತಣಿದು ಮೋಡ ಕಟ್ಟಬಹುದು. ಸಂತಮಸದಲ್ಲೂ ಹಾಗೆಯೇ ಇದ್ದರೆ ಹೆಸರಿನ ಕತ್ತಲೆ ಇರಬೇಕಾದದ್ದು ಈ ಮುಖದಲ್ಲಿಯೇ. ಆದರೆ 800 ಡಿಗ್ರಿಗೆ ಕಾದ ಯಾವ ವಸ್ತುವೂ ಕಪ್ಪಗಿರುವುದಿಲ್ಲ. ಕುಲುಮೆಯಿಂದ ಹೊರತೆಗೆದ ಕುಡುಗೋಲು ಕಮ್ಮಾರನ ಇಕ್ಕಳದಲ್ಲಿ ಮಂಕಾಗಿ ಕೆಂಪಗೆ ಉರಿಯುತ್ತದಲ್ಲ, ಸಂತಮಸದ ಇರುಳೂ ಮೋಡಗಳ ಸಂದಿಯಲ್ಲಿ ಅದೇ ಬಣ್ಣದಲ್ಲಿರಬೇಕು.

ನಮಸ್ಕಾರ.