ಪ್ರವಾಸದ ನಾಲ್ಕು ದಿನ, ಬೆಳಗಿನ ಅರ್ಧ ಗಂಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯಲ್ಲಿ ನಮ್ಮ ಮನೆಗೆ ನೃಪತುಂಗ ಬೆಟ್ಟ ಹತ್ತಿರ. ವಾರಕ್ಕೆ ಐದು ದಿನ ಬೆಳಗ್ಗೆ ಆ ಬೆಟ್ಟ ಹತ್ತಿ ಇಳಿದು, ಮನೆಗೆ ಬಂದು ಸೂರ್ಯನಮಸ್ಕಾರ ಹಾಕುವುದು ನನ್ನ ಬಹುಕಾಲದ ರೂಢಿ. ಮಳೆಯಾಗಲಿ, ಚಳಿಯಾಗಲಿ, ಮನೆಯ ಕೆಲಸವಾಗಲಿ ಈ ರೂಢಿಯನ್ನು ಮುರಿದಿರಲಿಲ್ಲ. ಮುರಿದದ್ದು ದಸರಾ ರಜೆಯಲ್ಲಿ ಕುಟುಂಬದವರೊಡನೆ ಮೈಸೂರಿಗೆ ಹೋದ ನಾಲ್ಕು ದಿನಗಳ ಪ್ರವಾಸ. ಹಿಂದಿರುಗಿದ ಮೇಲೆ ದಣಿವಾರಲೆಂದು ಒಂದು ವಾರ ಬಿಟ್ಟೆ. ಅಷ್ಟರಲ್ಲಿ ದೀಪಾವಳಿ ಬಂತು. ಮತ್ತೆ ಬೆಟ್ಟದ ಬುಡದಲ್ಲಿ ನಿಂತಾಗ ಎರಡು ತಿಂಗಳು ಕಳೆದಿದ್ದವು. ಅರ್ಧ ದಾರಿಗೇ ಏದುಸಿರು ಬಂದು ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಆ ನಾಲ್ಕು ದಿನ ನಾನು ನಡೆದಿರಲಿಲ್ಲವೆಂದಲ್ಲ. ಅರಮನೆ, ಮೃಗಾಲಯ, ದೇವರಾಜ ಮಾರುಕಟ್ಟೆ, ವಸ್ತುಪ್ರದರ್ಶನ ಎಂದು ಬೆಳಗಿನಿಂದ ರಾತ್ರಿಯವರೆಗೆ ತಿರುಗಿದ್ದೆವು. ಮೊಬೈಲು ದಿನವೂ ಹದಿನೈದು ಸಾವಿರ ಹೆಜ್ಜೆಗಳ ಲೆಕ್ಕ ತೋರಿಸುತ್ತಿತ್ತು, ಇಷ್ಟಾದ ಮೇಲೆ ಬೇರೆ ವ್ಯಾಯಾಮ ಏತಕ್ಕೆಂದು ನಾನೂ ಸಮಾಧಾನಪಟ್ಟುಕೊಂಡಿದ್ದೆ. ಆ ಲೆಕ್ಕವೇ ನನ್ನನ್ನು ದಾರಿ ತಪ್ಪಿಸಿತು. ಊರು ನೋಡುವ ನಡಿಗೆಯಲ್ಲಿ ನಾವು ಹತ್ತು ಹೆಜ್ಜೆ ಇಡುತ್ತೇವೆ, ನಿಲ್ಲುತ್ತೇವೆ, ಒಂದು ಚಿತ್ರ ನೋಡುತ್ತೇವೆ, ಹಿಂದುಳಿದ ಮಕ್ಕಳಿಗಾಗಿ ಕಾಯುತ್ತೇವೆ. ಅರಮನೆಯೊಳಗೆ ಪಾದರಕ್ಷೆ ಬಿಟ್ಟು, ಗಟ್ಟಿ ನೆಲದ ಮೇಲೆ ಜನಜಂಗುಳಿಯೊಡನೆ ಸರಿಯುವುದೇ ಆಗುತ್ತದೆ. ಇದರಲ್ಲಿ ಪಾದ ಮತ್ತು ಸೊಂಟ ದಣಿಯುತ್ತವೆ, ಏಕೆಂದರೆ ಬಹಳ ಹೊತ್ತು ನಿಂತಾಗ ರಕ್ತವನ್ನು ಮೇಲಕ್ಕೆ ತಳ್ಳುವ ಮೀನಖಂಡದ ಸ್ನಾಯುಗಳಿಗೆ ಚಲನೆ ಸಾಲುವುದಿಲ್ಲ. ಆದರೆ ಹೃದಯದ ಬಡಿತ ಏರುವುದಿಲ್ಲ, ಉಸಿರು ಬಿರುಸಾಗುವುದಿಲ್ಲ. ದಣಿವೇ ಬೇರೆ, ವ್ಯಾಯಾಮವೇ ಬೇರೆ ಎಂಬುದು ನನಗೆ ತಿಳಿದದ್ದು ಎರಡು ತಿಂಗಳು ಕಳೆದುಕೊಂಡ ಮೇಲೆ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಬಿರುಸಿನ ವ್ಯಾಯಾಮ ಮಾಡಬೇಕು, ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನು ವಾರಕ್ಕೆ ಎರಡು ದಿನವಾದರೂ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಧ್ಯಮ ಬಿರುಸೆಂದರೆ ಜೊತೆಗಾರರೊಡನೆ ಮಾತಾಡಲು ಆಗುವ, ಆದರೆ ಹಾಡು ಹೇಳಲು ಆಗದ ವೇಗ. ಪ್ರವಾಸದಲ್ಲಿ ಇದನ್ನೆಲ್ಲ ಪೂರ್ತಿಯಾಗಿ ಪಾಲಿಸುವುದು ಕಷ್ಟವೆಂದು ಯಾರಾದರೂ ಒಪ್ಪುತ್ತಾರೆ. ಹಾಗಾದರೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು?

ಈ ಪ್ರಶ್ನೆಗೆ ಒಳ್ಳೆಯ ಉತ್ತರವಿದೆ. 1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಹಿಕ್ಸನ್ ಮತ್ತು ಅವರ ಸಂಗಡಿಗರು ಕೆಲವು ತರುಣರಿಗೆ ಹತ್ತು ವಾರ ಕಾಲ, ವಾರಕ್ಕೆ ಆರು ದಿನ, ದಿನಕ್ಕೆ ನಲವತ್ತು ನಿಮಿಷ ಕಠಿಣ ತರಬೇತಿ ಕೊಟ್ಟು, ಅನಂತರ ಅದನ್ನು ಬೇರೆ ಬೇರೆ ಬಗೆಯಲ್ಲಿ ತಗ್ಗಿಸಿ ನೋಡಿದರು. ವಾರದ ದಿನಗಳನ್ನು ಎರಡಕ್ಕೆ ಇಳಿಸಿದರೂ, ಇನ್ನೊಂದು ಪ್ರಯೋಗದಲ್ಲಿ ದಿನದ ಅವಧಿಯನ್ನು ಹದಿಮೂರು ನಿಮಿಷಕ್ಕೆ ಇಳಿಸಿದರೂ, ದೇಹವು ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಮುಂದಿನ ಹದಿನೈದು ವಾರಗಳವರೆಗೆ ಬಹುಮಟ್ಟಿಗೆ ಉಳಿಯಿತು. ಆದರೆ ವ್ಯಾಯಾಮದ ಬಿರುಸನ್ನು ತಗ್ಗಿಸಿದಾಗ ಆ ಸಾಮರ್ಥ್ಯ ಕುಸಿಯಿತು. ಮೊದಲ ಪ್ರವಾಸದಲ್ಲಿ ನಾನು ಮಾಡಿದ್ದು ಸರಿಯಾಗಿ ಇದಕ್ಕೆ ತಿರುಗುಮುರುಗು: ಹೊತ್ತನ್ನು ಹೆಚ್ಚಿಸಿ ಬಿರುಸನ್ನು ಬಿಟ್ಟಿದ್ದೆ.

ಮರುವರ್ಷ ಮತ್ತೆ ಮೈಸೂರಿಗೇ ಹೋದೆವು. ಹೊರಡುವ ಮೊದಲೇ ಒಂದು ನಿಶ್ಚಯ ಮಾಡಿಕೊಂಡೆ. ರೈಲಿನಲ್ಲಿ ಹೋಗುವ ದಿನ ಮತ್ತು ಬರುವ ದಿನ ವಿಶ್ರಾಂತಿ. ನಡುವಿನ ಮೂರು ಬೆಳಗು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ನನ್ನದು. ಮನೆಯವರು ಎದ್ದು ಸ್ನಾನ ಮುಗಿಸುವಷ್ಟರಲ್ಲಿ ನಾನು ಹಿಂದಿರುಗಿರಬೇಕು. ಸಂಜೆಗೆಂದು ಇಟ್ಟುಕೊಂಡ ವ್ಯಾಯಾಮ ಪ್ರವಾಸದಲ್ಲಿ ನಡೆಯುವುದೇ ಇಲ್ಲ. ಅರಮನೆಯ ದೀಪಾಲಂಕಾರ ನೋಡಿ, ಊಟ ಮುಗಿಸಿ ಕೋಣೆಗೆ ಬರುವಾಗ ಕಾಲು ತಾನಾಗಿ ಹಾಸಿಗೆಯತ್ತ ಹೋಗುತ್ತದೆ.

ಮೊದಲ ಬೆಳಗು ಕುಕ್ಕರಹಳ್ಳಿ ಕೆರೆಗೆ ಹೋದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಈ ಕೆರೆ ಮಾನಸಗಂಗೋತ್ರಿಗೆ ಅಂಟಿಕೊಂಡಿದೆ. ಮೈಸೂರಿನ ಜನ ಬೆಳಗಿನ ನಡಿಗೆಗೆ ಸೇರುವ ಜಾಗವದು. ಪರಊರಿನಲ್ಲಿ ಒಬ್ಬರೇ ವೇಗವಾಗಿ ನಡೆಯಲು ಸಂಕೋಚವಾಗುವವರಿಗೆ ನಾನು ಹೇಳುವುದಿಷ್ಟೇ: ಆ ಊರಿನವರು ಬೆಳಗ್ಗೆ ಎಲ್ಲಿ ನಡೆಯುತ್ತಾರೆಂದು ತಂಗಿದ ವಸತಿಗೃಹದವರನ್ನು ಕೇಳಿ, ಅಲ್ಲಿಗೆ ಹೋಗಿ. ಬೀಸುನಡಿಗೆಯವರ ಹಿಂದೆ ಸೇರಿಕೊಂಡರೆ ವೇಗ ತಾನಾಗಿ ಬರುತ್ತದೆ. ಕೆರೆಯ ಮೇಲೆ ಹೆಜ್ಜಾರ್ಲೆಗಳು ಇಳಿಯುವುದನ್ನು ನೋಡಲು ಮಾತ್ರ ನಾನು ನಿಂತೆ. ಅಷ್ಟು ನಿಲ್ಲದೆ ಬರುವುದು ನನ್ನಿಂದಾಗದು.

ಎರಡನೆಯ ಬೆಳಗು ಚಾಮುಂಡಿ ಬೆಟ್ಟ. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಮಾಡಿಸಿದ ಸಾವಿರ ಮೆಟ್ಟಿಲುಗಳ ದಾರಿಯಿದು. ಬೆಳಕು ಹರಿಯುವ ಹೊತ್ತಿಗೆ ಪಾದದ ಬಳಿ ನಿಂತರೆ, ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಏರುತ್ತಿರುತ್ತಾರೆ, ಅವರ ಪಕ್ಕದಲ್ಲೇ ಹುಡುಗರು ಎರಡೆರಡು ಮೆಟ್ಟಿಲು ಹಾರಿ ಓಡುತ್ತಿರುತ್ತಾರೆ. ನನ್ನ ಮಟ್ಟಿಗೆ ಐವತ್ತು ಮೆಟ್ಟಿಲು ನಿಲ್ಲದೆ ಹತ್ತುವುದು, ಉಸಿರು ಹದಕ್ಕೆ ಬರುವವರೆಗೆ ನಿಧಾನವಾಗಿ ಹತ್ತುವುದು, ಮತ್ತೆ ಐವತ್ತು ಎಂದು ಲೆಕ್ಕವಿಟ್ಟುಕೊಂಡೆ. ಮೂರರಲ್ಲಿ ಎರಡು ಪಾಲು ದಾರಿ ಕಳೆದ ಮೇಲೆ ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ನಂದಿ ಎದುರಾದಾಗ ಅಂಗಿ ಪೂರ್ತಿ ನೆನೆದಿತ್ತು. ಹದಿನೈದು ಸಾವಿರ ಹೆಜ್ಜೆಗಳು ಕೊಡದಿದ್ದುದನ್ನು ಆ ಮೆಟ್ಟಿಲುಗಳು ಕೊಟ್ಟವು.

ಇಳಿಯುವಾಗ ನಾನು ನಗರ ಸಾರಿಗೆಯ ಬಸ್ಸನ್ನು ಹಿಡಿದೆ. ಮೆಟ್ಟಿಲು ಇಳಿಯುವುದು ಸುಲಭವೆಂದು ಕಂಡರೂ, ಮೈಭಾರವನ್ನು ತಡೆದು ಹಿಡಿಯುವ ತೊಡೆಯ ಸ್ನಾಯುಗಳು ಆಗ ಹಿಗ್ಗುತ್ತಲೇ ಬಿಗಿಯಾಗಬೇಕಾಗುತ್ತದೆ. ಅಭ್ಯಾಸವಿಲ್ಲದವರಿಗೆ ಅದರ ನೋವು ಮರುದಿನ, ಅದರ ಮರುದಿನ ಕಾಡುತ್ತದೆ. ಮಂಡಿನೋವು ಇರುವವರಂತೂ ಹತ್ತಿ, ಬಸ್ಸಿನಲ್ಲಿ ಇಳಿಯುವುದೇ ಲೇಸು; ಪ್ರವಾಸದ ಉಳಿದ ದಿನಗಳನ್ನು ಕುಂಟುತ್ತ ಕಳೆಯುವಂತಾಗಬಾರದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಇಂಥ ಏರು ಹತ್ತಬಾರದು, ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇರಲೇಬೇಕು. ಹೃದಯದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ಮೂರನೆಯ ಬೆಳಗು ಮಳೆ ಸುರಿಯಿತು. ಕೋಣೆಯಲ್ಲಿ ಮಂಚಕ್ಕೂ ಗೋಡೆಗೂ ನಡುವೆ ಇದ್ದದ್ದು ಒಂದು ಚಾಪೆಯ ಅಗಲ. ಆದರೆ ಗರಡಿಮನೆಗಳಿಗೆ ಹೆಸರಾದ ಊರಿನಲ್ಲಿ ಕುಳಿತು, ಸಲಕರಣೆ ಇಲ್ಲವೆಂದು ನೆವ ಹೇಳಲು ಮನಸ್ಸಾಗಲಿಲ್ಲ. ಪೈಲ್ವಾನರ ದಂಡ ಮತ್ತು ಬಸ್ಕಿಗೆ ಬೇಕಾಗುವುದು ನೆಲವೊಂದೇ. ಇದೇ ಊರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಯೋಗಶಾಲೆ ತೆರೆದ ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯರಿಂದ ಮೈಸೂರಿನ ಯೋಗ ಲೋಕವನ್ನೆಲ್ಲ ಮುಟ್ಟಿತು. ಅದಕ್ಕೂ ಬೇಕಾದದ್ದು ಒಂದು ಚಾಪೆಯ ಜಾಗವೇ. ಹತ್ತು ಬಸ್ಕಿ, ಐದು ದಂಡ, ಎರಡು ಸುತ್ತು ಸೂರ್ಯನಮಸ್ಕಾರ, ಅರ್ಧ ನಿಮಿಷ ಬಿಡುವು. ಇದನ್ನು ಐದು ಸಲ ಮಾಡಿದೆ. ಇಪ್ಪತ್ತು ನಿಮಿಷವೂ ಆಗಲಿಲ್ಲ, ಬೆವರು ಕಿತ್ತುಬಂತು. ಸದ್ದಿಗೆ ಎಚ್ಚರಗೊಂಡ ಮಗಳು ಹಾಸಿಗೆಯಿಂದಲೇ ನೋಡುತ್ತಿದ್ದವಳು, ಕೊನೆಯ ಸುತ್ತಿಗೆ ಎದ್ದು ಬಂದು ಜೊತೆಗೆ ಬಸ್ಕಿ ಹೊಡೆದಳು.

ತಿಂಡಿಯ ವಿಷಯದಲ್ಲಿ ನಾನು ಯಾವ ಕಟ್ಟುನಿಟ್ಟನ್ನೂ ಇಟ್ಟುಕೊಳ್ಳಲಿಲ್ಲ. ಮೈಸೂರಿಗೆ ಹೋಗಿ ಮಸಾಲೆದೋಸೆ ತಿನ್ನದೆ ಬರುವುದು ಸಲ್ಲದು. ಬೆಳಗ್ಗೆ ಬೆವರಿ ಬಂದು ತಿಂದ ದೋಸೆಗೆ ರುಚಿಯೂ ಹೆಚ್ಚೇ.

ಹಿಂದಿರುಗಿದ ರೈಲು ಹುಬ್ಬಳ್ಳಿಯನ್ನು ಮುಟ್ಟಿದ್ದು ಭಾನುವಾರ ರಾತ್ರಿ. ಚೀಲಗಳನ್ನು ಬಿಚ್ಚುವ ಮೊದಲು ನಡಿಗೆಯ ಬೂಟುಗಳನ್ನು ತೆಗೆದು ಬಾಗಿಲ ಬಳಿ ಇಟ್ಟೆ, ಏಕೆಂದರೆ ಹಿಂದಿನ ವರ್ಷ ನಾನು ಎಡವಿದ್ದು ಆ ಮರುದಿನದ ಬೆಳಗಿನಲ್ಲೇ. ಸೋಮವಾರ ಆರು ಗಂಟೆಗೆ ನೃಪತುಂಗ ಬೆಟ್ಟದ ಬುಡದಲ್ಲಿದ್ದೆ. ಹಿಂದಿನ ವರ್ಷ ಕುಳಿತಿದ್ದ ಕಲ್ಲನ್ನು ದಾಟಿ, ನಿಲ್ಲದೆ ಮೇಲೆ ಹೋಗಿ ಉಣಕಲ್ ಕೆರೆಯ ಕಡೆಗೆ ಮುಖಮಾಡಿ ನಿಂತೆ.